ಸಾಹೇಬರು ಉಂಡ ಕೋಳಿ

ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ ಬೇರೆಯವರು ಹೇಳಿದ್ದನ್ನು ಅವರು ಹೇಳಿದರು ಎಂದೂ ಬರೆಯಬೇಕು. ಎರಡನ್ನೂ ಕಲಸಬಾರದು. ಇದು ನನಗೆ ಮೇಡಂ ಕಲಿಸಿದ ಅಭ್ಯಾಸ. ಈ ಬರಹದಲ್ಲೂ ಅದನ್ನೇ ಪಾಲಿಸುತ್ತೇನೆ, ನಿಧಾನವಾದರೂ ಸರಿ.

ಮೇಡಂ ಎಂದರೆ ಸೊಳ್ಳೆಯಿಂದ ಹರಡುವ ಜ್ವರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವೈದ್ಯೆ. ಹೊಸಪೇಟೆಯವರೇ. ಅಲ್ಲೇ ಎರಡು ಕೋಣೆಗಳ ಒಂದು ಲ್ಯಾಬ್ ನಡೆಸುತ್ತಿದ್ದರು. ಅವರು ಕೆಲಸಕ್ಕೆ ಸೇರಿದಾಗ ಇಲಾಖೆಯಲ್ಲಿ ಒಂದು ಬರೆಯದ ಕಾನೂನಿತ್ತಂತೆ: ಗಂಡಸರು ಹಳ್ಳಿ ತಿರುಗಿ ಸೊಳ್ಳೆ ತರಬೇಕು, ಹೆಂಗಸರು ಲ್ಯಾಬಿನಲ್ಲಿ ಕೂತು ಅವನ್ನು ಎಣಿಸಬೇಕು. ಮೇಡಂ ಮೊದಲ ವರ್ಷವೇ ಟಾರ್ಚು ತಗೊಂಡು ಎಮ್ಮೆ ಕೊಟ್ಟಿಗೆಗೆ ನುಗ್ಗಿದರು. ಮೇಲಿನವರು ಕಾರಣ ಕೇಳಿದಾಗ, "ಗಂಡು ಸೊಳ್ಳೆ ಕಚ್ಚುವುದಿಲ್ಲ ಸರ್. ಕೆಲಸವೆಲ್ಲ ಹೆಣ್ಣು ಸೊಳ್ಳೆಯದ್ದೇ. ಅದಕ್ಕೆ ನಾನೇ ಹೋದೆ" ಎಂದರಂತೆ. ಇದು ಅವರೇ ಹೇಳಿದ್ದು, ನಾನು ಕಂಡದ್ದಲ್ಲ.

ನಾನು ಕಂಡದ್ದು ಸಂಡೂರಿನ ಸಂಗತಿ. ಗಣಿ ಗೇಟಿನ ಹತ್ತಿರ ಕಾವಲುಗಾರ ನಮ್ಮ ಗಾಡಿ ನಿಲ್ಲಿಸಿದ. ಮೇಡಂ ತೊಡೆಯ ಮೇಲೆ ಬಟ್ಟೆ ಸುತ್ತಿದ ಪಂಜರವಿತ್ತು.

"ಬಟ್ಟಿಯೊಳಗ ಏನೈತ್ರಿ?"

"ಸೊಳ್ಳಿ ಅದಾವಪ್ಪ."

"ಚೇಷ್ಟೆ ಮಾಡಬ್ಯಾಡ್ರಿ ಮೇಡಂ. ಅದಿರು ಐತೇನು? ತೆಗೀರಿ."

"ತೆಗೀತೀನಿ. ಆಮೇಲೆ ನೀನೇ ಹಿಡದು ಕೊಡಬೇಕು ನೋಡು."

ಆತ ಬಟ್ಟೆ ಸರಿಸಿ, ಜಾಲರಿಗೆ ಮುಖ ಹಚ್ಚಿ ನೋಡಿದ. ಮುಂದೆ ಎಷ್ಟೋ ಸಲ ಆ ದಾರಿಯಲ್ಲಿ ಹೋದೆವು. ನಮ್ಮ ಗಾಡಿ ದೂರದಲ್ಲಿ ಕಂಡರೆ ಸಾಕು, ಗೇಟು ತೆರೆದೇ ಇರುತ್ತಿತ್ತು.

ನಾನು ಆ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶೈವರ ಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಅಂಥ ಮನೆಯ ಮಗಳು ಬೆಳಗಾದರೆ ಕೋಳಿಯ ರೆಕ್ಕೆ ಬಿಡಿಸಿ ಸೂಜಿ ಹಾಕುತ್ತಾಳೆ ಎಂಬುದನ್ನು ನಮ್ಮವ್ವ ಹೇಗೋ ಸಹಿಸಿಕೊಂಡಳು. ನಾನು ಮಿಂದೇ ಒಳಗೆ ಬರಲೆಂದು ಹಿತ್ತಿಲಲ್ಲಿ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದಳು. ಬಂಧುಗಳು ಕೇಳಿದರೆ "ನಮ್ಮ ಹುಡಿಗಿ ಪಕ್ಷಿಗಳ ಮ್ಯಾಲೆ ಓದ್ತಾಳ" ಎನ್ನುತ್ತಿದ್ದಳು.

ಕೋಳಿ ಯಾಕೆ ಎಂಬುದನ್ನು ಹೇಳಬೇಕು. ಅದಕ್ಕೂ ಮೊದಲು ಒಂದು ಮಗುವಿನ ವಿಷಯ.

ಕಂಪ್ಲಿ ಕಡೆಯ ಒಂದು ಹಳ್ಳಿ. ಕಾಲುವೆ, ಭತ್ತದ ಗದ್ದೆ, ಗದ್ದೆ ತುಂಬ ಬೆಳ್ಳಕ್ಕಿ, ಊರಂಚಿನಲ್ಲಿ ಹಂದಿಗಳು. ಮೆದುಳು ಜ್ವರದ ವೈರಸ್ಸಿಗೆ ಬೇಕಾದ ಸಂಸಾರವೆಲ್ಲ ಅಲ್ಲಿತ್ತು. ಕೋಳಿ ಇಡುವುದಕ್ಕೆ ಹಿಂದಿನ ವರ್ಷ ಆ ಊರಿನ ಒಬ್ಬ ಹುಡುಗಿಯನ್ನು ಬಳ್ಳಾರಿ ಆಸ್ಪತ್ರೆಯ ವಾರ್ಡಿನಲ್ಲಿ ನೋಡಿದೆ. ಮೇಡಂ ಸ್ಯಾಂಪಲ್ ತರಲು ಕಳಿಸಿದ್ದರು. ಹುಡುಗಿಯ ಕಣ್ಣು ತೆರೆದಿತ್ತು. ಅವಳ ಅಜ್ಜಿ ಅವಳ ಹೆಸರನ್ನು ಕರೆಯುತ್ತಲೇ ಇದ್ದಳು, ಒಂದೇ ಸ್ವರದಲ್ಲಿ. ಹುಡುಗಿ ಬದುಕಿ ಮನೆಗೆ ಬಂದಳು, ಆದರೆ ಮಾತು ಬರಲಿಲ್ಲ. ಅಂದಿನಿಂದ ಸೂಜಿ ಹಿಡಿದಾಗಲೆಲ್ಲ ಕೈ ತಪ್ಪಬಾರದೆಂದು ಎಡಗೈಯನ್ನು ಬಲಗೈಯ ಕೆಳಗೆ ಊರಿಕೊಂಡು ಕೆಲಸ ಮಾಡುತ್ತೇನೆ.

ಆ ಬದಿಯ ಹಳ್ಳಿಗಳ ಮಕ್ಕಳಿಗೆ ಲಸಿಕೆ ಹಾಕಿಸಬೇಕು ಎಂದು ಮೇಡಂ ಬರೆದರು. ಜ್ವರ ಬಂದ ಹೊತ್ತಿಗೆ ಸಿಕ್ಕ ಸ್ಯಾಂಪಲ್ಲು ಯಾವುದನ್ನೂ ಖಚಿತವಾಗಿ ಹೇಳಲಿಲ್ಲ. ಒಂದು ಮಗುವಿನ ಜ್ವರ ಸಾಕ್ಷಿಯಾಗದು, ವೈರಸ್ಸು ಅಲ್ಲಿ ಈ ವರ್ಷ ಓಡಾಡುತ್ತಿದೆ ಎಂದು ತೋರಿಸಿ ಎಂದು ಮೇಲಿನಿಂದ ಉತ್ತರ ಬಂತು. ಅದನ್ನು ತೋರಿಸಲು ಕೋಳಿ ಬೇಕಿತ್ತು.

ಸೊಳ್ಳೆ ಮುಟ್ಟದ ಜಾಗದಲ್ಲಿ ಬೆಳೆಸಿದ ಎಳೆಯ ಕೋಳಿಗಳನ್ನು ತಂದು ಹಳ್ಳಿಯಲ್ಲಿ ಗೂಡಿನಲ್ಲಿಡುತ್ತೇವೆ. ಸೊಳ್ಳೆ ಕಚ್ಚುತ್ತದೆ. ಸೊಳ್ಳೆಯಲ್ಲಿ ವೈರಸ್ಸಿದ್ದರೆ ಕೋಳಿಯ ರಕ್ತದಲ್ಲಿ ಅದರ ಗುರುತು ಹುಟ್ಟುತ್ತದೆ. ಕೋಳಿಗೇನೂ ಆಗುವುದಿಲ್ಲ. ಆಗಾಗ ರೆಕ್ಕೆಯಿಂದ ಒಂದಿಷ್ಟು ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿದರೆ, ಸಣ್ಣ ಗುಳಿಗಳ ತಟ್ಟೆಯಲ್ಲಿ ಹಳದಿ ಬಣ್ಣ ಬರುತ್ತದೆ. ಕೋಳಿ ಸಾಕ್ಷಿ ಹೇಳಿತು ಎಂದರ್ಥ.

ಗೂಡನ್ನು ಆ ಹುಡುಗಿಯ ಮನೆಯಲ್ಲೇ ಇಡಬೇಕೆಂದು ಹೋದೆವು. ವಾರ್ಡಿನಲ್ಲಿ ನಾನು ಕಂಡಿದ್ದ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಬರಬ್ಯಾಡ್ರಿ. ರೋಗದ ಮನಿ ಅಂತ ಊರೆಲ್ಲ ಈಗಾಗಲೇ ಅಂತೈತಿ. ಈಗ ಗೂಡು ಬ್ಯಾರೆ ಇಟ್ಟು ಬೋರ್ಡ್ ಹಾಕ್ತೀರೇನು?"

ಮೇಡಂ ಒತ್ತಾಯ ಮಾಡಲಿಲ್ಲ. ಓಣಿ ದಾಟಿ ಎದುರುಮನೆಗೆ ಹೋದರು. ಅಲ್ಲಿದ್ದವಳು ಈ ಅಜ್ಜಿಯ ವಾರಗಿತ್ತಿ. ಆಕೆ ಹಿರಿಯ ಸೊಸೆ, ಹುಡುಗಿಯ ಅಜ್ಜಿ ಕಿರಿಯಾಕೆ. ಹೊಲ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಹಿರಿಯಾಕೆ ಕುಣಿದುಕೊಂಡು ಒಪ್ಪಿದಳು. ಕಿರಿಯಾಕೆ ಬ್ಯಾಡ ಅಂದದ್ದನ್ನು ತಾನು ಹೂಂ ಅನ್ನುವುದೇ ಆಕೆಗೆ ದೊಡ್ಡ ಸುಖ.

ಮಾತಿಲ್ಲ ಎಂದರೆ ಮೌನ ಎಂದು ತಿಳಿಯಬೇಡಿ. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು, ಎಮ್ಮೆಯ ಜೊತೆ. ಹಿರಿಯಾಕೆ ತನ್ನ ಎಮ್ಮೆಗೆ ಓಣಿಗೆಲ್ಲ ಕೇಳುವಂತೆ, "ನೋಡಲೇ ಎಮ್ಮಿ, ನಮ್ಮ ಮನಿಗೆ ಸರ್ಕಾರ ಬಂತು. ಕೆಲವ್ರ ಮನಿಗೆ ಕಾಗಿನೂ ಬರಂಗಿಲ್ಲ" ಎನ್ನುವಳು. ಎದುರು ಕಟ್ಟೆಯಿಂದ ಕಿರಿಯಾಕೆ ತನ್ನ ಎಮ್ಮೆಯ ಬೆನ್ನು ತಿಕ್ಕುತ್ತ, "ಬರ್ಲಿ ಬಿಡವ್ವಾ. ಸರ್ಕಾರ ಬಂದಲ್ಲಿ ಏನು ಉಳದೈತಿ?" ಎನ್ನುವಳು. ಎಮ್ಮೆಗಳು ಎರಡೂ ಮೇವು ಮೆಲ್ಲುತ್ತಿದ್ದವು. ಅವಕ್ಕೆ ಎರಡು ಮನೆಯ ಗುಟ್ಟೂ ಗೊತ್ತಿತ್ತು.

ಕೋಳಿಗಳಿಗೆ ಒಂದೊಂದು ಬಣ್ಣದ ಪ್ಲಾಸ್ಟಿಕ್ ಬಳೆಯನ್ನು ಬಲಗಾಲಿಗೆ ಹಾಕಿದ್ದೆವು. "ನಮ್ಮ ಸರ್ಕಾರ ಕೋಳಿಗೂ ಒಡವಿ ಮಾಡಿಸೈತಿ" ಎಂದು ಹಿರಿಯಾಕೆ ಬಂದವರಿಗೆಲ್ಲ ತೋರಿಸಿದಳು. ಜೋಳ, ನುಚ್ಚು, ತೊಳೆದ ಬಟ್ಟಲಲ್ಲಿ ನೀರು. ಕೋಳಿಗಳು ಗುಂಡಗಾದವು. ನಾವು ಬೆಳಿಗ್ಗೆ ಹೋಗಿ ರಕ್ತ ತೆಗೆದುಕೊಂಡು ಬರುತ್ತಿದ್ದೆವು. ತಟ್ಟೆಯ ಗುಳಿಗಳು ಪ್ರತಿ ಸಲವೂ ನೀರಿನಂತೆ ಬಣ್ಣವಿಲ್ಲದೆ ಇರುತ್ತಿದ್ದವು. ಗದ್ದೆಯಲ್ಲಿ ನೀರು ನಿಂತಿದೆ, ಬೆಳ್ಳಕ್ಕಿ ಇವೆ, ಹಂದಿ ಇವೆ, ಸೊಳ್ಳೆ ಮುಖಕ್ಕೆ ಬಡಿಯುತ್ತವೆ, ಕೋಳಿ ಮಾತ್ರ ಬಾಯಿ ಬಿಡುತ್ತಿಲ್ಲ. ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು, "ಎಷ್ಟು ಕೊಟ್ಟರೆ ಹೇಳ್ತೀ?" ಎಂದು ಕೇಳುತ್ತಿದ್ದರು.

ಆಗ ಬೆಂಗಳೂರಿನ ಸಾಹೇಬರು ಬರುವುದಾಗಿ ತಿಳಿಸಿದರು. ಲಸಿಕೆಯ ಊರುಗಳನ್ನು ಆರಿಸುವವರು ಅವರೇ. ಗೂಡು ನೋಡಬೇಕು, ಕಣ್ಣೆದುರು ರಕ್ತ ತೆಗೆಯುವುದನ್ನೂ ನೋಡಬೇಕು ಎಂದರು. ಬಂದವರು ಮೊದಲು ಹಂಪಿ ನೋಡುತ್ತೇನೆಂದರು. ಮೇಡಂ ಅವರನ್ನು ಬಿಸಿಲಿನಲ್ಲಿ ಕಲ್ಲು ಕಲ್ಲಿಗೂ ಕರೆದೊಯ್ದರು. "ದಣಿದರೆ ಪ್ರಶ್ನೆ ಕಡಿಮೆ ಕೇಳ್ತಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸಾಹೇಬರು ದಣಿಯಲಿಲ್ಲ, ಹಸಿದರು. ನಾವು ಹಳ್ಳಿ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಹಿರಿಯಾಕೆಯ ಮನೆಯಿಂದ ಮಸಾಲೆಯ ವಾಸನೆ ಓಣಿಯ ತಿರುವಿಗೇ ಬಂದು ನಮ್ಮನ್ನು ಕರೆಯಿತು.

"ಬರ್ರಿ ಸಾಹೇಬ್ರ, ಕುಂದ್ರಿ. ಉಂಡ ಮ್ಯಾಲೆ ಮುಂದಿನ ಮಾತು."

ಸಾಹೇಬರು ಕಂಬಳಿಯ ಮೇಲೆ ಕುಳಿತರು. ರೊಟ್ಟಿ, ಕೋಳಿ ಸಾರು. ಮೇಡಂ ಕೂಡ ಕುಳಿತರು. ನನಗೆ ಬೇರೆ ತಟ್ಟೆಯಲ್ಲಿ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಬಾಗಿಲ ಪಕ್ಕ ಕೂತಿದ್ದರಿಂದ ನನಗೆ ಅಂಗಳ ಕಾಣುತ್ತಿತ್ತು. ಅಂಗಳದ ಒಲೆಯ ಪಕ್ಕ ಪುಕ್ಕದ ರಾಶಿ. ರಾಶಿಯ ಮೇಲೆ ಒಂದು ಹಸಿರು ಬಳೆ.

ನಾನು ರೊಟ್ಟಿ ಕೆಳಗಿಟ್ಟೆ.

"ಅಜ್ಜಿ," ಎಂದು ನಿಧಾನವಾಗಿ ಕೇಳಿದೆ, "ಕೋಳಿ ಎಲ್ಲಿಂದ ತಂದ್ರಿ?"

"ತರೋದು ಯಾಕವ್ವಾ? ಸರ್ಕಾರಿ ಕೋಳಿ ಇದ್ವಲ್ಲ. ಸರ್ಕಾರಿ ಸಾಹೇಬ್ರಿಗೆ ಅಂತ ತಾನೆ ಮೆತ್ತಗ ಸಾಕಿದ್ದು? ದಪ್ಪನ್ನ ಕೋಳಿನೇ ಕೊಯ್ದೀನಿ."

ಆಕೆಯ ಮುಖದಲ್ಲಿ ಕಪಟವಿರಲಿಲ್ಲ. ಸಾಹೇಬರು ಬಂದಾಗ ಊರಿನವರು ಕೋಳಿ ಹೊಂದಿಸಬೇಕಾಗುವುದು ಆಕೆ ಕಂಡ ಲೋಕ. ಈ ಸಲ ಸರ್ಕಾರವೇ ಮೊದಲೇ ಕೋಳಿ ಕಳಿಸಿ, ಬಳೆ ಹಾಕಿ ಗುರುತಿಟ್ಟು, ಆಗಾಗ ಬಂದು ಆರೋಗ್ಯವಾಗಿವೆಯೇ ಎಂದು ನೋಡಿಕೊಂಡು ಹೋಗುತ್ತಿದೆ ಎಂದು ಆಕೆ ತಿಳಿದಿದ್ದಳು. ತಪ್ಪು ತಿಳಿವಳಿಕೆ ಎನ್ನಲು ನನಗೂ ಒಂದು ಕ್ಷಣ ಕಾರಣ ಸಿಗಲಿಲ್ಲ.

"ಅಜ್ಜಿ, ಅವನ್ನು ತಿನ್ನಬಾರದು. ಉಂಡಾದ ಮ್ಯಾಲೆ ಸಾಹೇಬ್ರು ಅವನ್ನೇ ನೋಡ್ತಾರ."

ಆಕೆ ಎದೆ ಮುಟ್ಟಿಕೊಂಡು ಒಳಗೆ ನೋಡಿದಳು. ಸಾಹೇಬರು ಕಾಲಿನ ತುಂಡನ್ನು ಚೀಪುತ್ತಿದ್ದರು. ಆಕೆ ಬೂದಿ ಕೊಡವಿ ಹಸಿರು ಬಳೆ ಎತ್ತಿಕೊಂಡು, ಸೆರಗು ಬಿಗಿದು, ಹಿತ್ತಿಲ ಬಾಗಿಲಿಂದ ಹೊರಗೆ ಹೋದದ್ದನ್ನು ನಾನು ನೋಡಿದೆ. ಎಲ್ಲಿಗೆ ಹೋದಳೋ ನೋಡಲಿಲ್ಲ.

ಊಟವಾಯಿತು. ಸಾಹೇಬರು ಕೈ ತೊಳೆದು ಗೂಡಿನ ಮುಂದೆ ನಿಂತರು. ಗೂಡಿನಲ್ಲಿ ಕೋಳಿಗಳ ಲೆಕ್ಕ ಸರಿಯಾಗಿತ್ತು. ಒಂದು ಮಾತ್ರ ಉಳಿದವಕ್ಕಿಂತ ದೊಡ್ಡದು, ಕತ್ತಿನ ಪುಕ್ಕ ಅರ್ಧ ಉದುರಿ ಸಂಸಾರ ಮಾಡಿ ಸಾಕಾದಂತಿತ್ತು. ಹಸಿರು ಬಳೆ ಅದರ ಎಡಗಾಲಲ್ಲಿತ್ತು.

ಮೇಡಂ ಆ ಕೋಳಿಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ಪುಕ್ಕದ ರಾಶಿಯ ಕಡೆ ಕಣ್ಣು ಹಾಯಿಸಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಇದರ ರಕ್ತ ತೆಗೆಯಿರಿ," ಎಂದರು ಸಾಹೇಬರು, ಅದನ್ನೇ ತೋರಿಸಿ. "ಇದು ಚೆನ್ನಾಗಿ ಬೆಳೆದಿದೆ."

"ಹೌದು ಸರ್, ಬೆಳಿಗ್ಗೆಯಿಂದ ಭಾಳ ಬೆಳೆದಿದೆ," ಎಂದರು ಮೇಡಂ.

ಹೊಸಪೇಟೆಗೆ ಮರಳಿದ ಮೇಲೆ ನಾನು ಕಂಡದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಮೇಡಂ ಕುರ್ಚಿಗೆ ಒರಗಿ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ, "ಆ ಮುದಿ ಕೋಳಿಯ ಸ್ಯಾಂಪಲ್ಲನ್ನೂ ತಟ್ಟೆಗೆ ಹಚ್ಚು. ಎಸೆಯಬ್ಯಾಡ" ಎಂದರು.

ಹಚ್ಚಿದೆ. ಉಳಿದ ಗುಳಿಗಳು ಎಂದಿನಂತಿದ್ದವು. ಅದೊಂದು ಅರಿಸಿನದಷ್ಟು ಹಳದಿಯಾಗಿತ್ತು.

ನಾವು ಫಲಿತಾಂಶ ಕಳಿಸುವ ಮೊದಲೇ ಸಾಹೇಬರು ಫೋನ್ ಮಾಡಿದರು. ಮೇಡಂ ಸ್ಪೀಕರ್ ಹಾಕಿದರು. ಒಂದು ಕೋಳಿ ಹಳದಿ ಬಂದಿದೆ ಎಂದು ಕೇಳಿದ್ದೇ ತಡ, ಸಾಹೇಬರ ದನಿ ಏರಿತು. ಇದೇ ಬೇಕಿದ್ದದ್ದು, ನನ್ನ ಕಣ್ಣೆದುರು ತೆಗೆದ ರಕ್ತ, ಇಂದೇ ಬರೆದು ಕಳಿಸಿ, ಲಸಿಕೆಗೆ ನಾನು ಸಹಿ ಹಾಕುತ್ತೇನೆ ಎಂದರು.

ನಾನು ಮೇಡಂ ಮುಖ ನೋಡಿದೆ. ಬೇಕೆಂದು ಒದ್ದಾಡಿದ್ದು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು. ವಾರ್ಡಿನ ಆ ಕಣ್ಣು ನೆನಪಾಗಿ, ಸುಮ್ಮನಿರಲಿ ಎಂದೇ ನಾನು ಬಯಸಿದೆ.

"ಸರ್," ಎಂದರು ಮೇಡಂ, "ನಾವು ಗೂಡಿನಲ್ಲಿಟ್ಟ ಕೋಳಿ ಅದಲ್ಲ."

"ಮತ್ತೆ ನಮ್ಮ ಕೋಳಿ ಎಲ್ಲಿ?"

"ನೀವು ಎರಡನೇ ಸಲ ಹಾಕಿಸಿಕೊಂಡಿರಲ್ಲ ಸರ್, ಅದೇ."

ಸಾಹೇಬರು ಸಣ್ಣ ದನಿಯಲ್ಲಿ, "ನನಗೇನಾದರೂ ಆಗುತ್ತದೆಯೇ?" ಎಂದು ಕೇಳಿದರು.

"ಬೇಯಿಸಿದ್ದರಿಂದ ಏನೂ ಆಗುವುದಿಲ್ಲ. ಬೇಕಾದರೆ ನಿಮ್ಮದೂ ಒಂದಿಷ್ಟು ರಕ್ತ ಕಳಿಸಿ, ಇದೇ ತಟ್ಟೆಯಲ್ಲಿ ಒಂದು ಗುಳಿ ಖಾಲಿ ಇದೆ."

ಸಾಹೇಬರು ಕಳಿಸಲಿಲ್ಲ. ಆದರೆ ಮೇಡಂ ಹೇಳಿದ ಮುಂದಿನ ಮಾತನ್ನು ಕೇಳಿಸಿಕೊಂಡರು. ಆ ಮುದಿ ಕೋಳಿಗೆ ಯಾವ ವರ್ಷ ಸೋಂಕು ತಗಲಿತೋ ಹೇಳಲಾಗದು. ಆದರೆ ಅದು ಎಲ್ಲಿ ಬೆಳೆಯಿತೋ ಅಲ್ಲೇ ಈ ವರ್ಷ ಹುಟ್ಟಿ ಬಲಿತ ಕೋಳಿಗಳಿದ್ದರೆ, ಅವು ಹೇಳಬಲ್ಲವು. ಸ್ವಲ್ಪ ಸಮಯ ಬೇಕು.

ಅಂದೇ ಹಳ್ಳಿಗೆ ಹೊರಟೆವು. ಆ ಮನೆಗೆ ನಾವು ಸಂಜೆ ಹೋದದ್ದು ಅದೇ ಮೊದಲು. ಓಣಿಯಲ್ಲಿ ಇಳಿದಾಗ ಗೂಡು ಕಾಣಲಿಲ್ಲ. ಗೂಡಿರಬೇಕಾದ ಕಡೆ ಬಿಳಿ ಹೊಗೆ ಇತ್ತು. ಹೊಗೆಯೊಳಗಿಂದ ಕೋಳಿ ಕೆಮ್ಮಿದಂತೆ ಸದ್ದು ಬರುತ್ತಿತ್ತು. ಹಿರಿಯಾಕೆ ಬೇವಿನ ಹಸಿ ಸೊಪ್ಪನ್ನು ಕೆಂಡದ ಮೇಲೆ ಹಾಕಿ ಮೊರದಿಂದ ಗೂಡಿಗೆ ಬೀಸುತ್ತಿದ್ದಳು.

"ಏನ್ ಮಾಡಾಕತ್ತೀರಿ?" ಮೇಡಂ ದನಿ ನಾನು ಎಂದೂ ಕೇಳದಷ್ಟು ತೆಳ್ಳಗಿತ್ತು.

"ಹೊಗಿ ಹಾಕಾಕತ್ತೀನಿ. ದಿನಾ ಸಂಜಿ ಹಾಕ್ತೀನಿ. ಒಂದ್ ಸೊಳ್ಳಿನೂ ಹತ್ರ ಬಿಟ್ಟಿಲ್ಲ ನೋಡ್ರಿ, ನನ್ನ ಮಕ್ಕಳಿಗೂ ಹಿಂಗ ಮಾಡಿರಲಿಲ್ಲ."

"ಯಾರ್ ಹೇಳಿದ್ರು ನಿಮಗ?"

"ನೀವೇ! ಶಾಲಿ ಮುಂದ ನಿಂತು ಮೈಕ್‌ನ್ಯಾಗ ಒದರಿದ್ರಲ್ಲ, ಸಂಜಿ ಆದ ಕೂಡ್ಲೆ ಸೊಳ್ಳಿ ಕಚ್ಚಿಸ್ಕೋಬ್ಯಾಡ್ರಿ, ಬೇವಿನ ಹೊಗಿ ಹಾಕ್ರಿ ಅಂತ. ಊರಾಗ ಒಬ್ಬರೂ ಕೇಳಲಿಲ್ಲ. ನಾ ಒಬ್ಬಾಕಿ ಕೇಳೀನಿ."

ಮೇಡಂ ಎಮ್ಮೆ ಗೂಟದ ಪಕ್ಕದ ಕಲ್ಲಿನ ಮೇಲೆ ಕುಳಿತರು. ಸೊಳ್ಳೆ ಕಚ್ಚಲೆಂದು ಇಟ್ಟ ಕೋಳಿಗೆ ಇಡೀ ಹಂಗಾಮು ಸೊಳ್ಳೆ ಕಚ್ಚಿಲ್ಲ, ಅದೂ ಅವರದೇ ಭಾಷಣದಿಂದ. ಅಷ್ಟು ವರ್ಷಗಳಲ್ಲಿ ಅವರ ಭಾಷಣವನ್ನು ಅಕ್ಷರಶಃ ಪಾಲಿಸಿದ ಒಬ್ಬಳೇ ವ್ಯಕ್ತಿ ಎದುರು ನಿಂತಿದ್ದಳು. ಬೈಯುವುದು ಹೇಗೆ?

"ಭಾಳ ಚಲೋ ಮಾಡೀರಿ," ಎಂದರು ಕೊನೆಗೆ. "ಇನ್ನ ಮ್ಯಾಲೆ ಈ ಹೊಗಿ ಮೊಮ್ಮಕ್ಕಳಿಗೆ ಹಾಕ್ರಿ. ಕೋಳಿಗೆ ಬ್ಯಾಡ. ಈಗ ಹೇಳ್ರಿ, ಆ ಮುದಿ ಕೋಳಿ ಯಾರದು?"

ಹಿರಿಯಾಕೆ ಮೊರ ಕೆಳಗಿಟ್ಟಳು. ಆಕೆಯ ಕಣ್ಣು ಓಣಿಯ ಆಚೆಗೆ ಹೋಗಿ ಬಂತು. ಎದುರುಮನೆಯ ಕಟ್ಟೆಯ ಮೇಲೆ ಕಿರಿಯಾಕೆ ಕೂತಿದ್ದಳು. ತನ್ನ ಎಮ್ಮೆಗೆ ಆಗಲೇ ಹೇಳುತ್ತಿದ್ದಳು: "ಹ್ಯಾಟಿ ಕೋಳಿ ಕಳದೈತಿ ಅಂತ ನಾ ಊರೆಲ್ಲ ಹುಡುಕಿದೆ ಕಣವ್ವಾ. ಬೆಕ್ಕು ಒಯ್ದಿರಬೇಕು. ಸೀರಿ ಉಟ್ಟ ಬೆಕ್ಕು."

"ಇಲ್ಲಿ ನೋಡ್ರಿ," ಮೇಡಂ ಹಿರಿಯಾಕೆಗೆ ತಗ್ಗಿದ ದನಿಯಲ್ಲಿ ಹೇಳಿದರು, "ಆ ಕೋಳಿ ಮರಿಗಳ ರಕ್ತ ನನಗ ಬೇಕು. ಅದ್ರಿಂದ ಈ ಓಣಿ ಮಕ್ಕಳಿಗೆ ಲಸಿಕಿ ಬರ್ತೈತಿ. ಆಕಿ ನನ್ನ ಒಳಗ ಬಿಡಂಗಿಲ್ಲ. ನೀವು ಒಪ್ಪಿಕೊಂಡ್ರ ಬಿಟ್ಟಾಳು."

ಹಿರಿಯಾಕೆ ಬಹಳ ಹೊತ್ತು ಎಮ್ಮೆಯ ಕೊಂಬು ಸವರಿದಳು. ಆಮೇಲೆ ಅದರ ಕಿವಿಯಲ್ಲಿ, ಆದರೆ ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಎಮ್ಮಿ, ನಾನಾ ತಗೊಂಡ್ ಬಂದೆ. ಸಾಹೇಬ್ರ ಮುಂದ ಮರ್ಯಾದಿ ಹೋಗ್ತಿತ್ತು. ವಾಪಸ್ ಬಿಡಬೇಕು ಅಂತಾನ ಇದ್ದೆ."

ಎದುರು ಕಟ್ಟೆಯಿಂದ ಉತ್ತರ ಬಂತು, ಅದೂ ಎಮ್ಮೆಗೇ.

"ಕೇಳಿದೇನ? ಒಪ್ಪಿಕೊಂಡ್ಳು! ನನ್ನ ಮದುವ್ಯಾಗಿಂದ ಒಂದ್ ಸಲ ಆದ್ರೂ ತಪ್ಪು ಅಂದಿದ್ಲೇನು?" ಎಮ್ಮೆಯ ಬೆನ್ನು ತಟ್ಟಿ ಕೇಳಿದಳು, "ಮರಿಗಳ ರಕ್ತ ಯಾಕ ಬೇಕಂತ ಕೇಳು."

ಈ ಸಲ ಮೇಡಂ ಎಮ್ಮೆಯನ್ನು ಬಿಟ್ಟು ಓಣಿ ದಾಟಿದರು. ಕಟ್ಟೆಯ ಕೆಳಗೆ ನಿಂತು ಹೇಳಿದರು, ಯಾವ ಮನೆಯ ಹೆಸರೂ ಬರೆಯುವುದಿಲ್ಲ, ಯಾವ ಬೋರ್ಡೂ ಹಾಕುವುದಿಲ್ಲ, ಈ ಬದಿಯ ಎಲ್ಲ ಊರಿಗೂ ಒಟ್ಟಿಗೆ ಲಸಿಕೆ ಕೇಳುತ್ತೇನೆ ಎಂದು. ಕಿರಿಯಾಕೆ ಅವರ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು.

"ಮುಂಜಾನಿ ಬರ್ರಿ. ಆದ್ರ ಕೋಳಿ ಹಿಡಿಯೋಕಿ ಆಕಿನಾ. ಒಂದೊಂದಾಗಿ ನನ್ನ ಅಂಗಳದಾಗ ಬಗ್ಗಿ ಹಿಡಿಬೇಕು."

ಮರುದಿನ ಹಿರಿಯಾಕೆ ಹಿಡಿದಳು. ಆ ಮನೆಯ ಹಿತ್ತಿಲು ಕಾಲುವೆಗೆ ತಗುಲಿಕೊಂಡಿತ್ತು. ಜಾಲಿಮರದಲ್ಲಿ ಬೆಳ್ಳಕ್ಕಿ ತುಂಬಿದ್ದವು. ಅದೇ ಮರದ ಕೆಳಕೊಂಬೆಯ ಮೇಲೆ ಕೋಳಿಗಳು ರಾತ್ರಿ ಕೂರುತ್ತಿದ್ದವು. ಹಿರಿಯಾಕೆ ಸೆರಗು ಕಟ್ಟಿ, ಸಗಣಿಯಲ್ಲಿ ಜಾರಿ, ಬೇಲಿಗೆ ತೋಳು ತರಚಿಕೊಂಡು ಒಂದೊಂದನ್ನೇ ತಂದು ಕೊಟ್ಟಳು. ಕಿರಿಯಾಕೆ ಕಟ್ಟೆಯ ಮೇಲೆ ಕೂತು ತನ್ನ ಎಮ್ಮೆಗೆ, "ಎಡಕ್ಕ ಓಡ್ತು ಅಂತ ಹೇಳು ಆಕಿಗೆ, ಎಡಕ್ಕ!" ಎಂದು ನಿರ್ದೇಶನ ಕೊಡುತ್ತಿದ್ದಳು.

ಒಂದು ಕೋಳಿ ತಪ್ಪಿಸಿಕೊಂಡು ಒಳಗೆ ಓಡಿತು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಅದನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಬಂದಳು. ವಾರ್ಡಿನ ನಂತರ ನಾನು ಅವಳನ್ನು ನೋಡಿದ್ದು ಅಂದೇ. ಮೇಡಂ ಅವಳ ಎದುರು ಕುಕ್ಕರಗಾಲಲ್ಲಿ ಕೂತು, "ತಗೋಲೇನು?" ಎಂದು ಕೇಳಿದರು. ಹುಡುಗಿ ನಾವು ಮಾಡುತ್ತಿದ್ದದ್ದನ್ನು ಬಾಗಿಲ ಸಂದಿಯಿಂದ ನೋಡಿರಬೇಕು. ಕೋಳಿಯ ರೆಕ್ಕೆಯನ್ನು ತಾನೇ ಬಿಡಿಸಿ ಹಿಡಿದಳು. ನಾನು ಎಡಗೈಯನ್ನು ಬಲಗೈಯ ಕೆಳಗೆ ಊರಿ ರಕ್ತ ತೆಗೆದೆ. ತೆಗೆದದ್ದು ಸರಿಯಾಗಿತ್ತು.

ತಟ್ಟೆಯಲ್ಲಿ ಮರಿಗಳ ಗುಳಿಗಳು ಹೆಚ್ಚಿನವು ಹಳದಿಯಾದವು. ಈ ವರ್ಷವೇ ಹುಟ್ಟಿದವು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ನಾನು ಚಪ್ಪಾಳೆ ತಟ್ಟಬಹುದೆಂದುಕೊಂಡಿದ್ದೆ. ಮೇಡಂ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಆ ಮರ ಹುಡುಗಿ ಮಲಗೋ ಕಿಟಕಿಗೆ ಎಷ್ಟು ಹತ್ರ ಐತಿ ನೋಡಿದೇನು?" ಎಂದರು. ನಾನು ನೋಡಿದ್ದೆ.

ವರದಿಯಲ್ಲಿ ಹೊಗೆ, ಊಟ, ಕಳ್ಳತನ ಎಲ್ಲವನ್ನೂ ಮೇಡಂ ನಡೆದಂತೆ ಬರೆದರು. ತಾವು ಉಂಡ ಭಾಗವನ್ನು ಬಿಡಬಹುದೇ ಎಂದು ಸಾಹೇಬರು ಕೇಳಿದರು. ಬಿಟ್ಟರೆ ಹೊಸ ಕೋಳಿ ಎಲ್ಲಿಂದ ಬಂತು ಎಂಬುದಕ್ಕೆ ಕಾರಣ ಸಿಗುವುದಿಲ್ಲ ಎಂದು ಮೇಡಂ ಒಪ್ಪಲಿಲ್ಲ. ಸಾಹೇಬರು ಗೊಣಗಿಕೊಂಡೇ ಸಹಿ ಹಾಕಿದರು. ಅಷ್ಟರಮಟ್ಟಿಗೆ ದೊಡ್ಡ ಮನುಷ್ಯರು.

ಲಸಿಕೆ ಆ ಬದಿಯ ಊರುಗಳಿಗೆಲ್ಲ ಬಂತು. ಶಾಲೆಯ ವರಾಂಡದಲ್ಲಿ ಕಿರಿಯಾಕೆ ಚಿಕ್ಕ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಪಕ್ಕದಲ್ಲಿ ಅಕ್ಕ, ಮಾತು ಕಳೆದುಕೊಂಡ ಆ ಹುಡುಗಿ, ತಮ್ಮನ ಕಾಲು ಹಿಡಿದು ನಿಂತಿದ್ದಳು. ಸೂಜಿ ಹಾಕಿದ ಮೇಲೆ ಮಗು ಅತ್ತಿತು, ಸುಮ್ಮನಾಯಿತು. ಕಿರಿಯಾಕೆ ತಲೆ ಎತ್ತಿ ಮೇಡಂ ಅವರನ್ನು ಕೇಳಿದಳು:

"ಇದು ಹ್ವಾದ ವರ್ಷ ಬರಬಾರದಿತ್ತೇನ್ರಿ?"

ಗೇಟಿನ ಕಾವಲುಗಾರನಿಗೆ, ಇಲಾಖೆಗೆ, ಸಾಹೇಬರಿಗೆ, ಯಾರಿಗೂ ಉತ್ತರ ಬಾಕಿ ಇಡದವರು ಮೇಡಂ. ನಾನು ಕಾದೆ. ಅವರು ಹುಡುಗಿಯನ್ನು ನೋಡಿದರು.

"ಬರಬೇಕಿತ್ತವ್ವಾ," ಎಂದರು. ಅಷ್ಟೇ ಎಂದರು.

ಕಿರಿಯಾಕೆ ಮೊಮ್ಮಗನನ್ನು ಇನ್ನೊಂದು ತೊಡೆಗೆ ಬದಲಿಸಿ, ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

"ಕುಂದ್ರಿ. ಮುಂಜಾನಿಂದ ನಿಂತೇ ಇದ್ದೀರಿ."